ನಿಂತುಹೋದ ಆಟಕ್ಕೆ ಇನ್ನೂ ಯಾಕೆ ಬೇಜಾರು?

"ಬರೀ ಒಂದು ಆಟ ಅಲ್ವಾ, ಇಷ್ಟು ವರ್ಷ ಆದ್ಮೇಲೂ ಅದರದ್ದೇ ಮಾತಾ?" ಲಾರ್ಡ್ ಆಫ್ ಅಲ್ಟಿಮಾ ಅಂತ ನಾನು ಬಾಯಿ ಬಿಟ್ಟಾಗಲೆಲ್ಲ ಮನೆಯವರೂ ಗೆಳೆಯರೂ ಕೇಳುವುದು ಇದನ್ನೇ. ಬೇರೆ ಆಟ ಆಡು ಅನ್ನುತ್ತಾರೆ. ಆಡಿದ್ದೇನೆ. ಬೇಜಾರು ಹೋಗಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಅದು ಜರ್ಮನಿಯ ಫಿನಾಮಿಕ್ ಸ್ಟುಡಿಯೋದವರು ಮಾಡಿದ ಆನ್‌ಲೈನ್ ಆಟ, 2010ರಲ್ಲಿ ಶುರುವಾಯಿತು. ಬ್ರೌಸರ್ ತೆರೆದರೆ ಸಾಕು, ಡೌನ್‌ಲೋಡ್ ಏನೂ ಬೇಡ. ಡಾಂಗಲ್ ನೆಟ್ ನಂಬಿಕೊಂಡಿದ್ದ ನನಗೆ ಅದೇ ದೊಡ್ಡ ಅನುಕೂಲ. ಕ್ಯಾಲೆಡೋನಿಯಾ ಅನ್ನೋ ನಾಡಿನಲ್ಲಿ ನಿಮಗೊಂದು ಪುಟ್ಟ ಊರು ಸಿಗುತ್ತದೆ. ಮರ, ಕಲ್ಲು, ಕಬ್ಬಿಣ, ಆಹಾರ ಕೂಡಿಸಿ ಅದನ್ನು ಬೆಳೆಸಬೇಕು.

ಒಂದು ಊರಿಗೆ 100 ಕಟ್ಟಡ, ಅಷ್ಟೇ. ಹಾಗಾಗಿ ಯಾವುದರ ಪಕ್ಕ ಯಾವುದು ಅನ್ನುವುದರಲ್ಲೇ ಎಲ್ಲ ಜಾಣತನ. ಮರ ಕಡಿಯುವವನ ಗುಡಿಸಲಿನ ಪಕ್ಕ ಕಾಡಿದ್ದರೆ ಮರ ಜಾಸ್ತಿ, ಪಕ್ಕದಲ್ಲೇ ಸಾಮಿಲ್ ಇದ್ದರೆ ಇನ್ನೂ ಜಾಸ್ತಿ, ಕೆಲಸದವರ ಮನೆಯೂ ತಾಗಿಕೊಂಡಿದ್ದರೆ ಕೇಳುವುದೇ ಬೇಡ. ನಾನು ಲೆಕ್ಕದ ಚೌಕಳಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಊರು ಬರೆಯುತ್ತಿದ್ದೆ. ಗುಡಿಸಲಿಗೆ "ಗು", ಮಿಲ್ಲಿಗೆ "ಮಿ", ಮನೆಗೆ "ಮ". ಅಳಿಸಿ ಅಳಿಸಿ ಕೆಲವು ಹಾಳೆ ತೂತೇ ಬಿದ್ದಿವೆ.

ಕೋಟೆ ಕಟ್ಟದ ಊರಿನ ಮೇಲೆ ಯಾರೂ ದಾಳಿ ಮಾಡುವ ಹಾಗಿರಲಿಲ್ಲ. ಕಟ್ಟಿದರೆ ನೀವೂ ದಾಳಿ ಮಾಡಬಹುದು, ನಿಮ್ಮ ಮೇಲೂ ಮಾಡಬಹುದು. ಆಮೇಲೆ ಒಬ್ಬರೇ ಬದುಕುವುದು ಕಷ್ಟ, ಅಲಯನ್ಸ್, ಅಂದರೆ ಒಟ್ಟಿಗೆ ಆಡುವವರ ಕೂಟ, ಬೇಕೇ ಬೇಕು. ಸತ್ಯ, ಕರುಣೆ, ನ್ಯಾಯ, ತ್ಯಾಗ ಹೀಗೆ ಎಂಟು ಗುಣಗಳು, ಒಂದೊಂದಕ್ಕೂ ಅರಮನೆ. ಎಂಟನ್ನೂ 10ನೇ ಹಂತಕ್ಕೆ ಏರಿಸಿದ ಅಲಯನ್ಸ್ ಗೆದ್ದಂತೆ. ಅರಮನೆ ಒಬ್ಬರ ಹೆಸರಿನಲ್ಲಿ ಇರುತ್ತಿತ್ತು, ಮರ ಕಲ್ಲು ಮಾತ್ರ ಎಲ್ಲರ ಊರಿಂದಲೂ ಹೋಗುತ್ತಿತ್ತು. ಮುಖವೇ ನೋಡದ ಒಬ್ಬ ಬ್ರೆಜಿಲ್‌ನವನ ಅರಮನೆಗೆ ನಾನು ತಿಂಗಳುಗಟ್ಟಲೆ ಕಲ್ಲು ಕಳಿಸಿದ್ದೇನೆ. ಅವನ ಊರಿಗೆ ಮುತ್ತಿಗೆ ಬಿದ್ದ ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಎದ್ದೆ, ಹಾಲ್‌ನ ಲೈಟ್ ಹಾಕದೆ, ಶತ್ರು ಸೈನ್ಯ ಮುಟ್ಟುವುದಕ್ಕೆ ನಾಲ್ಕು ನಿಮಿಷ ಮುಂಚೆ ನನ್ನ ಸೈನ್ಯ ಮುಟ್ಟುವ ಹಾಗೆ ಲೆಕ್ಕ ಹಾಕಿ ಕಳಿಸಿದೆ. ಊರು ಉಳಿಯಿತು.

2014ರ ಫೆಬ್ರವರಿಯಲ್ಲಿ ಸುದ್ದಿ ಬಂತು, ಮೇ 12ಕ್ಕೆ ಆಟ ಬಂದ್. ಆ ಮೂರು ತಿಂಗಳೂ ನಾವು ಅರಮನೆಗೆ ಕಲ್ಲು ಕಳಿಸುವುದು ನಿಲ್ಲಿಸಲಿಲ್ಲ. ಯಾರೂ ಯಾಕೆ ಅಂತ ಕೇಳಲೂ ಇಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ನಮ್ಮಜ್ಜಿ ಚೌಕಾಬಾರ ಆಡುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಎಳೆದರೆ ಆಟ ಸಿದ್ಧ, ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಒಂದು ಕಡೆ ತೇಯ್ದರೆ ಆಯ್ತು. ಅಜ್ಜಿ ಹೋದರು, ಆಟ ನಮ್ಮ ಹತ್ತಿರ ಇದೆ. ಇವತ್ತು ಬೇಕೆಂದರೆ ಇವತ್ತೇ ಆಡಬಹುದು. ಲಾರ್ಡ್ ಆಫ್ ಅಲ್ಟಿಮಾ ಹಾಗಲ್ಲ. ಆಡಿದವರೆಲ್ಲ ಒಂದೇ ಕೋಣೆಯಲ್ಲಿ ಬಂದು ಕೂತರೂ ಅದನ್ನು ಮತ್ತೆ ಆಡಲು ಆಗುವುದಿಲ್ಲ, ಯಾಕೆಂದರೆ ಮಣೆಯೂ ಕಾಯಿಯೂ ನಿಯಮವೂ ಎಲ್ಲ ಸರ್ವರ್‌ನಲ್ಲೇ, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರಿನಲ್ಲೇ ಇದ್ದವು. ನನಗೆ ಬೇಜಾರು ಇದಕ್ಕೆ. ಸೋತ ಊರುಗಳ ಬೇಜಾರು ಯಾವತ್ತೋ ಹೋಯಿತು.

ಎಲ್ಲ ಆಟಗಳ ಗತಿಯೂ ಹೀಗೇ ಆಗಿಲ್ಲ. ಏಜ್ ಆಫ್ ಎಂಪೈರ್ಸ್ ಆನ್‌ಲೈನ್ ಅದೇ ವರ್ಷ ಜುಲೈ 1ಕ್ಕೆ ನಿಂತಿತ್ತು. ಅದರ ಅಭಿಮಾನಿಗಳು ಹಟ ಹಿಡಿದು ಸರ್ವರ್ ತಾವೇ ಹೊಸದಾಗಿ ಬರೆದು, ಪ್ರಾಜೆಕ್ಟ್ ಸೆಲೆಸ್ಟ್ ಹೆಸರಿನಲ್ಲಿ ಮತ್ತೆ ನಡೆಸಿದರು. ಅವರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ನನ್ನ ಚೌಕಳಿ ಪುಸ್ತಕ ಈಗಲೂ ಬೀರುವಿನಲ್ಲಿದೆ. ಕೊನೆಯ ಹಾಳೆಯ ಊರಿನಲ್ಲಿ 41 ಕಟ್ಟಡ ಬರೆದಿದ್ದೇನೆ. 59 ಬಾಕಿ.