ಅರಿಶಿನ ಹಾಕಿದ ಚಿತ್ರಾನ್ನ ಕೆಡುವುದಿಲ್ಲವೇ?

ಆಹಾರದ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅರಿಶಿನ, ಲವಂಗ, ಬೆಳ್ಳುಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವಲ್ಲ?" ಕೇಳುವವರಿಗೆ ಬೇಕಾಗಿರುವುದು ನನ್ನ ಉತ್ತರವಲ್ಲ, ಒಪ್ಪಿಗೆ. ಅದನ್ನು ಕೊಡಲಾರೆ.

ಪ್ರಯೋಗಾಲಯದಲ್ಲಿ ಕೊಲ್ಲುತ್ತವೆ, ನಿಜ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಲೋಳೆಯ ತಟ್ಟೆಯ ಮೇಲೆ ಸ್ಟಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹರಡಿ, ಲವಂಗದೆಣ್ಣೆ ಹೀರಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನು ನಡುವೆ ಇಟ್ಟು, 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡುತ್ತೇವೆ. ಬೆಳಿಗ್ಗೆ ತಟ್ಟೆಯ ತುಂಬ ಬೆಳೆದ ಬ್ಯಾಕ್ಟೀರಿಯಾದ ಮಬ್ಬು ಪದರ, ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ. ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ರಾಸಾಯನಿಕ ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸಿರುತ್ತದೆ. ಆ ವೃತ್ತವನ್ನು ಅಳೆಯುವಾಗ ಈಗಲೂ ನನಗೆ ಸಂತೋಷವಾಗುತ್ತದೆ.

ಆದರೆ ಅದು ಸಾರವೆಲ್ಲ ಇಳಿಸಿದ ಎಣ್ಣೆ. ನಿಮ್ಮ ಪಲಾವಿಗೆ ಬೀಳುವುದು ನಾಲ್ಕು ಲವಂಗ. ಅನ್ನದ ಜೊತೆಗಿರುವ ಜಿಡ್ಡು, ಪ್ರೋಟೀನು ಆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನೂ ಮೀರಿ ಕೆಲಸ ಮಾಡುವಷ್ಟು ಹಾಕಿದರೆ ಬಾಯಿಗಿಡಲು ಆಗದು. ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ಎಣ್ಣೆಯನ್ನು ತಡೆಯಲು ಹೊರಗೊಂದು ಹೆಚ್ಚಿನ ಪೊರೆಯೇ ಇದೆ. ಬೆಳ್ಳುಳ್ಳಿಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಅಲಿಸಿನ್ ಹುಟ್ಟುವುದು ಎಸಳನ್ನು ಜಜ್ಜಿದಾಗ. ಇಡಿಯಾಗಿ ಕಾದ ಎಣ್ಣೆಗೆ ಹಾಕಿದರೆ ಅದನ್ನು ಹುಟ್ಟಿಸುವ ಕಿಣ್ವವೇ ನಾಶವಾಗುತ್ತದೆ. ಅರಿಶಿನದಲ್ಲಿ ಆ ಕೆಲಸ ಮಾಡಬೇಕಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬೇಕು; ಹಾಗಾಗಿ ಬ್ಯಾಕ್ಟೀರಿಯಾವನ್ನು ಸರಿಯಾಗಿ ಮುಟ್ಟುವುದಿಲ್ಲ.

ಒಂದು ಗೃಹಪ್ರವೇಶದಲ್ಲಿ ಇದನ್ನೇ ಹೇಳಿದಾಗ ಹಿರಿಯರೊಬ್ಬರು ಸಿಡುಕಿದರು: "ಓದಿದವರಿಗೆ ಅಜ್ಜಿಯರ ಮಾತೆಂದರೆ ಸಸಾರ." ಅವರ ಹಿಂದೆಯೇ ಬೆಳಗಿನ ಚಿತ್ರಾನ್ನದ ದೊಡ್ಡ ಕೊಳಗಕ್ಕೆ ಮುಚ್ಚಳ ಬೀಳುತ್ತಿತ್ತು, ರಾತ್ರಿಯ ಊಟಕ್ಕೆಂದು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ನನ್ನ ಅಜ್ಜಿ ಅನ್ನವನ್ನು ಆಯಾ ಹೊತ್ತಿಗಷ್ಟೇ ಮಾಡುತ್ತಿದ್ದರು. ಉಳಿದರೆ ಮಜ್ಜಿಗೆ ಹುಯ್ಯುತ್ತಿದ್ದರು, ಇಲ್ಲವೇ ಹುಣಸೆಹಣ್ಣಿನ ಗೊಜ್ಜು ಕಲಸುತ್ತಿದ್ದರು. ಹುಳಿಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಅರಿಶಿನದ ಭರವಸೆಯ ಮೇಲೆ ಅವರು ಅನ್ನವನ್ನು ಹಗಲಿಡೀ ಇಟ್ಟದ್ದನ್ನು ನಾನು ಕಂಡಿಲ್ಲ. ಅಜ್ಜಿಯನ್ನು ಮರೆತವರು ಯಾರು?

ಅಂದು ಆ ಹಿರಿಯರು ಕೇಳಬೇಕಾಗಿದ್ದದ್ದು, "ಈ ಅನ್ನ ಒಲೆಯಿಂದ ಇಳಿದು ಎಷ್ಟು ಹೊತ್ತಾಯಿತು?" ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪಗಳು, ಕುದಿಯುವ ನೀರಿನಲ್ಲೂ ಬದುಕುತ್ತವೆ. ಅನ್ನ ಉಗುರುಬೆಚ್ಚಗಾದಾಗ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ಸೆರಿಯುಲೈಡ್ ಎಂಬ ಆ ವಿಷ 121 ಡಿಗ್ರಿಯಲ್ಲಿ 90 ನಿಮಿಷ ಕಾಯಿಸಿದರೂ ಹೋಗುವುದಿಲ್ಲ. ರಾತ್ರಿ ಬಿಸಿ ಮಾಡಿ ಪ್ರಯೋಜನವಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ರುಚಿಗೆ ಹಿಂಡಿದ ನಿಂಬೆರಸವನ್ನೂ ನೆಚ್ಚಿಕೊಳ್ಳಬೇಡಿ, ಅಷ್ಟು ಹುಳಿ ಸಾಲದಿರಬಹುದು.

ಆಳದ ಕೊಳಗದಲ್ಲಿ ಮುಚ್ಚಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಅಷ್ಟು ಜಾಗವಿಲ್ಲವೆಂದರೆ ಬಿಸಿಯಿರುವಾಗಲೇ ಅಕ್ಕಪಕ್ಕದ ಮನೆಗಳಿಗೆ ಹಂಚಿಬಿಡಿ.