ಹಳೆಯ ಮನೆಯ ಅಟ್ಟಕ್ಕೆ ಉಣ್ಣೆಯ ಹೊದಿಕೆ

ಇಂಗ್ಲೆಂಡಿನ ಲೆಸ್ಟರಿನಲ್ಲಿ ನಾವು ಕೊಂಡಿರುವ ಸಾಲುಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಮನೆಯ ಶಾಖ ಮೇಲಕ್ಕೆ ಸೋರದಂತೆ ಅದರ ಅಟ್ಟದಲ್ಲಿ ಯಾರೋ ಎಂದೋ ಹಾಸಿದ್ದ ಗಾಜಿನ ಉಣ್ಣೆ, ಅಂದರೆ ಗಾಜಿನ ಎಳೆಗಳ ಹಾಸು, ಬೂದುಗಟ್ಟಿ, ಮೂರು ಬೆರಳು ದಪ್ಪಕ್ಕೆ ಕುಸಿದುಹೋಗಿತ್ತು. ಇಲ್ಲಿ ಈಗ ಸಾಮಾನ್ಯವಾಗಿ ಸೂಚಿಸುವ ದಪ್ಪ 270 ಮಿಲಿಮೀಟರ್. ಹೋದ ಚಳಿಗಾಲಕ್ಕೆ ಮೊದಲು ಹೊಸ ಉಣ್ಣೆ ಹಾಸುವ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ.

ನಮ್ಮ ಜಂತಿಗಳ ಎತ್ತರ 100 ಮಿಲಿಮೀಟರ್. ಮೊದಲ ಪದರವನ್ನು ಜಂತಿಗಳ ನಡುವೆ ಹಾಸಿ, 170 ಮಿಲಿಮೀಟರಿನ ಎರಡನೆಯ ಪದರವನ್ನು ಅಡ್ಡಲಾಗಿ ಹಾಸಿದರೆ ಜಂತಿಗಳೂ ಮುಚ್ಚಿಹೋಗುತ್ತವೆ. ಮರದ ಮೂಲಕ ಶಾಖ ಉಣ್ಣೆಗಿಂತ ಬೇಗ ಸೋರುವುದರಿಂದ ಇದು ಮುಖ್ಯ. ಸಾಮಾನು ಇಡಲು ಹಲಗೆ ಬೇಕೆಂದು ಅದೇ ಉಣ್ಣೆಯನ್ನು ಅದುಮಿ ಜಂತಿಗಳ ಮೇಲೆ ಹಲಗೆ ಬಡಿಯುವವರನ್ನು ನೋಡಿದ್ದೇನೆ. ಶಾಖವನ್ನು ತಡೆಯುವುದು ಗಾಜಿನ ಎಳೆಗಳಲ್ಲ, ಅವುಗಳ ನಡುವೆ ಅಲುಗಾಡದೆ ನಿಂತ ಗಾಳಿ. ಅದುಮಿದಾಗ ಹೊರಟುಹೋಗುವುದು ಆ ಗಾಳಿಯೇ. ಆದ್ದರಿಂದ ಜಂತಿಗಳಿಗೆ 175 ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಕಾಲುಗಳನ್ನು ತಿರುಪಿನಿಂದ ಬಿಗಿದು, ಹಲಗೆಗಳನ್ನು ಅವುಗಳ ಮೇಲೆ ಕೂರಿಸಿದೆ. ಸುತ್ತಿಗೆಯನ್ನು ಮುಟ್ಟಲೇ ಇಲ್ಲ. ಇಂಥ ಮನೆಗಳ ಕೋಣೆಗಳ ಒಳಚಾವಣಿ ತೆಳ್ಳನೆಯ ಮರದ ಪಟ್ಟಿಗಳ ಸಂದಿನಲ್ಲಿ ಸುಣ್ಣದ ಗಾರೆಯನ್ನು ಒತ್ತಿ ಮಾಡಿದ್ದು. ಮೇಲೆ ಬಡಿದರೆ ಪಟ್ಟಿಗಳನ್ನು ಹಿಡಿದುಕೊಂಡಿರುವ ಗಾರೆಯ ಗಂಟುಗಳು ಮುರಿದು, ಕೆಳಗಿನ ಕೋಣೆಯಲ್ಲಿ ಗಾರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ.

ಆದರೆ ಸೂರಿನ ಬಳಿ ನಾನು ತಪ್ಪು ಮಾಡಿದೆ. ಅಲ್ಲಿಂದ ಬೀಸುವ ತಣ್ಣನೆಯ ಗಾಳಿಯನ್ನು ತಡೆಯುವುದೇ ಒಳ್ಳೆಯದೆಂದು ತಿಳಿದು ಉಣ್ಣೆಯನ್ನು ಮೂಲೆಯವರೆಗೂ ತುರುಕಿದ್ದೆ. ಜನವರಿಯ ಒಂದು ಬೆಳಿಗ್ಗೆ ಟಾರ್ಚ್ ಹಿಡಿದು ಮೇಲೆ ಹೋದಾಗ, ಸ್ಲೇಟಿನ ಅಡಿಯ ಡಾಂಬರು ಹಾಳೆಯ ಒಳಮೈ ತುಂಬ ಹನಿಗಳು ಸಾಲುಗಟ್ಟಿದ್ದವು. ಹಾಳೆಯನ್ನು ತೂರಿ ಬಂದ ಒಂದೊಂದು ಮೊಳೆಯ ತುದಿಯಲ್ಲೂ ಒಂದೊಂದು ಹನಿ ತೂಗುತ್ತಿತ್ತು. ಬೆರಳಿಟ್ಟ ಕಡೆ ಪಕಾಸಿ ಒದ್ದೆಯಾಗಿತ್ತು. ಬಚ್ಚಲು ಮತ್ತು ಅಡುಗೆಮನೆಯ ಆವಿ ಮೊದಲೂ ಮೇಲೇರುತ್ತಿತ್ತು. ಈಗ ಶಾಖವನ್ನು ಕೆಳಗೇ ತಡೆದದ್ದರಿಂದ ಅಟ್ಟ ಇನ್ನಷ್ಟು ತಣ್ಣಗಾಗಿ, ಹೊರಹೋಗಲು ದಾರಿಯಿಲ್ಲದ ಆವಿ ಅಲ್ಲೇ ನೀರಾಗಿತ್ತು. ನೂರು ವರ್ಷಕ್ಕೂ ಮಿಕ್ಕಿ ಒಣಗಿ ನಿಂತಿದ್ದ ಮರವನ್ನು ನನ್ನ ಕೈಯಾರೆ ನೆನೆಸಿದೆನಲ್ಲ ಎಂಬ ಸಂಕಟ ಬಹಳ ದಿನ ಕಾಡಿತು.

ಅಜ್ಜಿಯ ಊರಾದ ತೀರ್ಥಹಳ್ಳಿಯ ಕಡೆಯ ಮನೆ ಆಗ ನೆನಪಾಯಿತು. ಅಲ್ಲಿ ಮುಚ್ಚಿಗೆಯ ಹಲಗೆಗಳ ಮೇಲೆ ಮಣ್ಣು ಹಾಸಿ ಬಡಿದಿದ್ದರು, ಅದರ ಮೇಲಿನ ಹಂಚಿನ ಸಂದುಗಳಲ್ಲಿ ಮಾತ್ರ ಗಾಳಿ ಸದಾ ಆಡುತ್ತಿತ್ತು. ಇಲ್ಲಿಯೂ ಮಾಡಬೇಕಾದದ್ದು ಅಷ್ಟೇ. ಸೂರಿನ ಬಳಿ ಉಣ್ಣೆಯನ್ನು ಹಿಂದಕ್ಕೆಳೆದು, ಗಾಳಿಯಾಡಲು ಉಣ್ಣೆಗೂ ಚಾವಣಿಗೂ ನಡುವೆ 50 ಮಿಲಿಮೀಟರ್ ಸಂದು ಉಳಿಯುವಂತೆ ಪಕಾಸಿಗಳ ನಡುವೆ ಪ್ಲಾಸ್ಟಿಕ್ ತಟ್ಟೆಗಳನ್ನು ಇಟ್ಟೆ. ಕೆಳಗಿನ ಆವಿ ನುಸುಳದಂತೆ ಅಟ್ಟದ ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ವಾರ ಕಳೆಯುವಷ್ಟರಲ್ಲಿ ಮೊಳೆಗಳ ತುದಿ ಒಣಗಿತು.

ಅಟ್ಟದಲ್ಲಿರುವ ನೀರಿನ ತೊಟ್ಟಿಯ ತಳಕ್ಕೆ ಮಾತ್ರ ಉಣ್ಣೆ ಹಾಕಿಲ್ಲ. ಕೆಳಗಿನ ಕೋಣೆಯಿಂದ ಸೋರುವ ಒಂದಿಷ್ಟು ಬೆಚ್ಚನೆಯೇ ಅದು ಹೆಪ್ಪುಗಟ್ಟದಂತೆ ಕಾಯಬೇಕು. ಬದಿಗಳಿಗೂ ಮುಚ್ಚಳಕ್ಕೂ ಹೊದಿಕೆ ಸುತ್ತಿದ್ದೇನೆ. ಕೊಳವೆಗಳಿಗೆ ಸುತ್ತುವ ಕೆಲಸ ಮುಂದಿನ ಹಿಮ ಬೀಳುವ ಮೊದಲು ಮುಗಿಯಬೇಕಿದೆ.