ಎಂಟು ರಾಣಿ, 92 ಉತ್ತರ, ಮತ್ತು ಲೆಕ್ಕಕ್ಕೆ ಸಿಗದ ನಾಲ್ಕು

ಶನಿವಾರ ರಾತ್ರಿ ಪ್ರೋಗ್ರಾಂ ಕೊನೆಗೂ 92 ಎಂದು ತೋರಿಸಿತು. ಚದುರಂಗದ ಹಾಸಿನ ಮೇಲೆ ಅಡ್ಡ, ಉದ್ದ, ಓರೆ ಎಷ್ಟು ದೂರಕ್ಕಾದರೂ ಹೊಡೆಯುವ ಎಂಟು ರಾಣಿಗಳನ್ನು ಒಂದನ್ನೊಂದು ಹೊಡೆಯದಂತೆ ಇಡಬೇಕು, ಸಮಸ್ಯೆ ಇಷ್ಟೇ. 1848ರಲ್ಲಿ ಜರ್ಮನಿಯ ಮ್ಯಾಕ್ಸ್ ಬೆಜೆಲ್ ಕೇಳಿದ್ದು. 1850ರಲ್ಲಿ ಫ್ರಾಂಜ್ ನಾಕ್ 92 ಉತ್ತರಗಳನ್ನೂ ಕೊಟ್ಟ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದು ಎರಡು ತಿಂಗಳಾದ ನನಗೆ ಮೂರು ವಾರ ಬೇಕಾಯಿತು.

ಮೊದಲ ವಾರ 64 ಮನೆಗಳಲ್ಲಿ ಎಂಟನ್ನು ಆರಿಸುವ ಎಲ್ಲ ಬಗೆಗಳನ್ನೂ ನೋಡಲು ಹೇಳಿದ್ದೆ. ಅವು 442 ಕೋಟಿಗೂ ಹೆಚ್ಚು! ಬೆಳಗಾದರೂ ಮುಗಿಯಲಿಲ್ಲ. ಆಮೇಲೆ ಸಾಲಿಗೊಂದೇ ರಾಣಿ ಇಡುತ್ತ, ದಾರಿ ಕಟ್ಟಿದಲ್ಲಿ ಹಿಂದಕ್ಕೆ ಬರುವಂತೆ ಬರೆದೆ. ಓರೆ ಹೊಡೆತ ಹಿಡಿಯುವುದು ಸುಲಭ: ಅಡ್ಡಸಾಲು, ಕಂಬಸಾಲುಗಳ ಸಂಖ್ಯೆ ಕೂಡಿದರೆ ಒಂದೇ ಮೊತ್ತ, ಇಲ್ಲವೇ ಕಳೆದರೆ ಒಂದೇ ಉಳಿಕೆ ಬರುವ ಎರಡು ರಾಣಿಗಳು ಒಂದೇ ಓರೆಯಲ್ಲಿರುತ್ತವೆ. ಆದರೂ ಉತ್ತರ ಸೊನ್ನೆ. ನಾಲ್ಕು ದಿನ ಹುಡುಕಿದ ಮೇಲೆ ತಿಳಿಯಿತು, ಹಿಂದಕ್ಕೆ ಬರುವಾಗ ಆ ಕಂಬಸಾಲು ಖಾಲಿಯಾಯಿತೆಂದು ಗುರುತು ಅಳಿಸುವ ಒಂದು ಸಾಲನ್ನೇ ನಾನು ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಅದನ್ನು ಸೇರಿಸಿದ ಕೂಡಲೇ 92 ಬಂತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹಾಸನ್ನು ತಿರುಗಿಸಿದ್ದು, ಕನ್ನಡಿಯಲ್ಲಿ ಕಂಡದ್ದು ಎಲ್ಲ ಒಂದೇ ಎಂದು ಹಿಡಿದರೆ ಉಳಿಯುವುದು 12 ಉತ್ತರ. ಒಂದೊಂದಕ್ಕೂ ಎಂಟು ರೂಪ. ಹನ್ನೆರಡೆಂಟಲೆ ತೊಂಬತ್ತಾರು ಆಗಬೇಕಲ್ಲ? ನಾಲ್ಕು ಎಲ್ಲಿ ಹೋದವು? ಪ್ರೋಗ್ರಾಂ ತಪ್ಪಿರಬೇಕೆಂದು ಭಾನುವಾರವಿಡೀ ಒಂದೊಂದೇ ಸಾಲು ಓದಿದೆ.

ಸಂಜೆ ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಮನೆ ಎಳೆದು, ರಾಣಿಗಳ ಬದಲು ಹುಣಸೆ ಬೀಜ ಇಟ್ಟು, ಉತ್ತರಗಳನ್ನು ಒಂದೊಂದಾಗಿ ಜೋಡಿಸುತ್ತ ಕೂತೆ. ಅಕ್ಕನ ಮಗಳು ಎದುರಿಗೆ ಕೂತು, ಒಂದೊಂದು ಸಾಲಿನಲ್ಲಿ ರಾಣಿ ಎಷ್ಟನೇ ಮನೆಯಲ್ಲಿದೆ ಎಂದು ತನ್ನ ಕಡೆಯಿಂದ ಓದಿ ಹೇಳುತ್ತಿದ್ದಳು. ಅವಳು ಓದಿದ್ದು ಪ್ರತಿ ಸಲ ಬೇರೆ ಉತ್ತರವಾಗುತ್ತಿತ್ತು. 3, 5, 2, 8, 1, 7, 4, 6 ಇಟ್ಟಾಗ ಮಾತ್ರ ಅವಳು ತಡೆದಳು.

"ಮಾಮಾ, ಈ ಕಡಿಂದನೂ ಹಂಗ ಐತಿ!"

ಎದ್ದು ಅವಳ ಪಕ್ಕ ಹೋಗಿ ನಾನೂ ಎಣಿಸಿದೆ: 3, 5, 2, 8, 1, 7, 4, 6. ಅರ್ಧ ಸುತ್ತು ತಿರುಗಿಸಿದರೂ ಬದಲಾಗದ ಜೋಡಣೆ. ಹಾಗಾಗಿ ಇದಕ್ಕೆ ಎಂಟಲ್ಲ, ನಾಲ್ಕೇ ರೂಪ. ಉಳಿದ ಹನ್ನೊಂದಕ್ಕೆ 88, ಇದರವು 4. ಆ ಬೀಜಗಳನ್ನು ರಾತ್ರಿ ಊಟ ಆಗುವವರೆಗೂ ಯಾರಿಗೂ ತುಳಿಯಲು ಬಿಡಲಿಲ್ಲ.

ಮುಂದಿನ ವಾರ ಈ 12 ಗುಂಪುಗಳನ್ನು ಪ್ರೋಗ್ರಾಮೇ ಬೇರ್ಪಡಿಸುವಂತೆ ಬರೆಯಬೇಕು. ತಿರುಗಿಸುವ ಫಂಕ್ಷನ್ ಇವತ್ತೇ ಆಗಿದೆ, ಕನ್ನಡಿಯದು ಬಾಕಿ.